ಗುರುಪೀಠಕ್ಕೆ ಜಾಮೀನು ನಿಂತ ಊರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರವೆಂಬ ಪ್ರಾಂತ್ಯದ ರಾಜಧಾನಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ಬಗ್ಗೆ 1162ರ ಶಾಸನ ವಿವರವಾಗಿ ಹೇಳುತ್ತದೆ. ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರ, ಪುರಾಣಗಳ ಪಾಠ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧ, ಹೆದರಿ ಬಂದವರಿಗೆ ಅಭಯ ಸಿಗುತ್ತಿತ್ತು. ವಿದ್ಯೆ, ಅನ್ನ, ಮದ್ದು, ಆಸರೆ ಎಂಬ ಈ ನಾಲ್ಕು ಕೆಲಸಗಳನ್ನು ಇಂದಿನ ವಿಮಾ ಕಂಪನಿಯವರ ಮುಂದಿಟ್ಟರೆ, ಧಾರ್ಮಿಕ ಸಂಸ್ಥೆಯೊಂದರ ಅಪಾಯಗಳ ಪಟ್ಟಿ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ನಂಬಿ ಬಂದವರಿಗೆ ಕೆಡುಕಾಗುವುದು ಈ ಜಾಗಗಳಲ್ಲೇ. ಹಾಗಾದರೆ ಗುರುವಿನ ತಪ್ಪಿಗೆ ಆಗ ಯಾರು ಹೊಣೆಯಾಗಿದ್ದರು? ನಮ್ಮ ಪರಂಪರೆಯಲ್ಲಿ ಗುರು ಪ್ರಶ್ನಾತೀತ, ಹೊಣೆಗಾರಿಕೆಯೆಂಬುದು ಪಶ್ಚಿಮದಿಂದ ಬಂದ ವಿಚಾರ ಎನ್ನುವವರಿದ್ದಾರೆ. ಶಿಕಾರಿಪುರ, ಸೊರಬದ ಕಲ್ಲುಗಳು ಆ ಮಾತನ್ನು ಒಪ್ಪುವುದಿಲ್ಲ.

ದಾನ ಕೊಡುವ ಕ್ರಮವನ್ನೇ ನೋಡಿ. 1162ರ ಆ ಶಾಸನದಲ್ಲಿ ಬರುವ, ಬಿಜ್ಜಳನ ಕಾಲದ ದತ್ತಿಯನ್ನು ಪಡೆದವನು ಮಠದ ಆಚಾರ್ಯ ವಾಮಶಕ್ತಿ. ಆದರೆ ಇಂಥ ದತ್ತಿ ಆಚಾರ್ಯನ ಸ್ವಂತ ಆಸ್ತಿಯಾಗುತ್ತಿರಲಿಲ್ಲ. ದೇವರ ಅಂಗಭೋಗ ರಂಗಭೋಗಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ, ತಪೋಧನರ ಮತ್ತು ವಿದ್ಯಾರ್ಥಿಗಳ ಊಟಕ್ಕೆ ಎಂದು ಉದ್ದೇಶವನ್ನು ಕಲ್ಲಿನಲ್ಲೇ ನಮೂದಿಸುತ್ತಿದ್ದರು. ಆಚಾರ್ಯನ ಕಾಲು ತೊಳೆದು ಧಾರೆಯೆರೆದ ಭೂಮಿಯ ಒಡೆತನ ದೇವರದು. ಕೈಯೊಡ್ಡಿ ಪಡೆದವನು ಪಾರುಪತ್ಯಗಾರ ಮಾತ್ರ. ಕೊಡುಗೆಗೆ ನಡತೆಯ ಕಟ್ಟಳೆಯೂ ಇತ್ತು. 1036ರ ಸುಮಾರಿಗೆ ಚಾಲುಕ್ಯ ಜಯಸಿಂಹ ಬಳ್ಳಿಗಾವೆಯ ಪಂಚಲಿಂಗ ದೇವಾಲಯಕ್ಕೆ ದತ್ತಿ ಕೊಟ್ಟಾಗ ಅದನ್ನು ಕಾಳಾಮುಖವೆಂಬ ಶೈವ ಪಂಥದ ಬ್ರಹ್ಮಚಾರಿಗಳ ಸ್ಥಾನವೆಂದೇ ಶಾಸನ ಗುರುತಿಸುತ್ತದೆ. ಕನ್ನಡ ನಾಡಿನ ಹಲವು ಕಾಳಾಮುಖ ಶಾಸನಗಳು ಇನ್ನೂ ಮುಂದೆ ಹೋಗುತ್ತವೆ: ನೈಷ್ಠಿಕ ಬ್ರಹ್ಮಚರ್ಯ ಪಾಲಿಸದವನಿಗೆ ಮಠದಲ್ಲಿ ಜಾಗವಿಲ್ಲ, ಅಂಥವನನ್ನು ಹೊರಹಾಕಬೇಕು. ಗುರು ತಪ್ಪಬಲ್ಲ ಎಂಬ ಎಚ್ಚರ ಆ ಕಾಲಕ್ಕೆ ಚೆನ್ನಾಗಿಯೇ ಇತ್ತು.

ಕಟ್ಟಳೆ ಬರೆದರೆ ಸಾಲದು, ನಡೆಸುವವರು ಬೇಕು. ದಾನಶಾಸನದಲ್ಲಿ ಸಾಕ್ಷಿಯಾಗಿ, ರಕ್ಷಕರಾಗಿ ಮಹಾಜನರು, ನಖರದ ವರ್ತಕರು, ಊರ ಗೌಡರು ಬರುವುದು ಇದಕ್ಕಾಗಿ. ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಎಂಬ ಶಾಪಾಶಯ ಯಾರನ್ನೂ ಬಿಡುವುದಿಲ್ಲ. ದಾನ ಕೊಟ್ಟ ಅರಸನ ವಂಶದವರೂ ಅದರಡಿ ಬರುತ್ತಾರೆ. ಸೊರಬ ತಾಲ್ಲೂಕಿನ ಕುಪ್ಪಟೂರಿನ ನಿದರ್ಶನ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 1070ರ ದಶಕದಲ್ಲಿ ಕದಂಬ ಕೀರ್ತಿವರ್ಮನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥ ಬಸದಿಗೆ ದತ್ತಿ ಕೊಟ್ಟಳು. ಕುಪ್ಪಟೂರಿನ ಅಗ್ರಹಾರದ ಬ್ರಾಹ್ಮಣರನ್ನು ಗೌರವಿಸಿ, ಅವರಿಂದಲೇ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರಿಡಿಸಿದಳು. ಜೈನ ಬಸದಿಗೆ ವೈದಿಕ ಮಹಾಜನರು ಜಾಮೀನು ನಿಂತ ಹಾಗಾಯಿತು ಎಂದೇ ನಾನು ಇದನ್ನು ಓದುತ್ತೇನೆ. ಸ್ವಂತ ಶಿಷ್ಯರಿಗಿಂತ ಹೊರಗಿನ ನೆರೆಯವರ ಕಾವಲಿಗೆ ಬಲ ಹೆಚ್ಚು.

ಶಾಸನದ ಮಾತು ಹೊಗಳಿಕೆಯ ಮಾತು, ಅದನ್ನು ಕಾನೂನೆಂದು ಓದಬಾರದು ಎಂಬ ಆಕ್ಷೇಪ ಉಂಟು. ಮಠದ ವರ್ಣನೆಗೆ ಅದು ಸಲ್ಲುತ್ತದೆ. ಕೋಡಿಯ ಮಠದಲ್ಲಿ ಪ್ರತಿ ರೋಗಿಗೂ ಮದ್ದು ಸಿಕ್ಕಿತೆಂದು ನಾನು ವಾದಿಸಲಾರೆ. ಭೂಮಿಯ ಎಲ್ಲೆ, ವಿನಿಯೋಗ, ಹೊರಹಾಕುವ ಕಟ್ಟಳೆಗಳು ಬೇರೆ ಜಾತಿಯವು. ಯಾರನ್ನೂ ಮೆಚ್ಚಿಸದ ಷರತ್ತನ್ನು ಕಲ್ಲಿಗೆ ಕೊರೆಸುವುದು ಅದರ ಅಗತ್ಯ ಕಂಡವರು ಮಾತ್ರ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಈ ವ್ಯವಸ್ಥೆ ಧರ್ಮದ ಆಸ್ತಿಯನ್ನು ಕಾಯಿತು, ನೊಂದವರನ್ನು ಕಾಯಲಿಲ್ಲ. ತಪ್ಪಿದ ಯತಿಯನ್ನು ಹೊರಹಾಕಿದ ಮೇಲೂ ಅವನಿಂದ ನೊಂದವರಿಗೆ ಪರಿಹಾರವೆಂಬುದು ಆ ಕಲ್ಲುಗಳಲ್ಲಿ ಇಲ್ಲ. ಇದು ದೊಡ್ಡ ಕೊರತೆ, ಅದನ್ನು ಮುಚ್ಚಿಡಬಾರದು.

ಆ ಕೊರತೆಯನ್ನು ತುಂಬಲು ವಿಮೆ ಸಾಕೆ? ಅಮೆರಿಕದಲ್ಲಿ ಪಾದ್ರಿಗಳು, ಕೆಲಸದಲ್ಲಿ ತಪ್ಪಾಯಿತೆಂದು ಬರುವ ದಾವೆಯಿಂದ ಕಾಯುವ ವೃತ್ತಿಹೊಣೆ ವಿಮೆ ಮಾಡಿಸುವುದು ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ ಚರ್ಚಿನ ಆಪ್ತಸಲಹೆ ಪಡೆಯುತ್ತಿದ್ದ ಯುವಕನೊಬ್ಬ 1979ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ತಂದೆತಾಯಿ ಹೂಡಿದ ದಾವೆ ದೇಶದ ಗಮನ ಸೆಳೆಯಿತು. 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಪಾದ್ರಿಗಳ ಪರವಾಗಿ ತೀರ್ಪಿತ್ತರೂ ಅವರ ಅಂಜಿಕೆ ಹೋಗಲಿಲ್ಲ. ಅಲ್ಲಿನ ಪಾಲಿಸಿ ಮೊದಲು ಕಾಯುವುದು ಪಾದ್ರಿಯನ್ನು, ಚರ್ಚನ್ನು. ನಮ್ಮ ಕಾನೂನು ಮಾತ್ರ ಬಳ್ಳಿಗಾವೆಯ ಜಾಡನ್ನು ಪೂರ್ತಿ ಬಿಟ್ಟಿಲ್ಲ. ಮಠಾಧಿಪತಿ ಇಂಗ್ಲಿಷ್ ಅರ್ಥದ ಟ್ರಸ್ಟಿಯಲ್ಲ, ಆದರೆ ಆಡಳಿತ ಕೆಡಿಸಿದರೆ ಟ್ರಸ್ಟಿಯಂತೆಯೇ ಉತ್ತರ ಕೊಡಬೇಕು ಎಂದು 1921ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಹೇಳಿತು. ನಮ್ಮ ಸುಪ್ರೀಂ ಕೋರ್ಟಿನ 1954ರ ಶಿರೂರು ಮಠದ ತೀರ್ಪು ಮಠಾಧಿಪತಿಗೆ ಆಸ್ತಿಯಲ್ಲಿ ಹಿತಾಸಕ್ತಿಯ ಹಕ್ಕು ಉಂಟೆಂದು ಒಪ್ಪಿತು, ಆದರೆ ಆ ಹಕ್ಕು ಕರ್ತವ್ಯದ ಜೊತೆಗೇ ಹೆಣೆದುಕೊಂಡಿದೆ ಎಂದಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ, ಸಾರ್ವಜನಿಕ ಧರ್ಮದತ್ತಿಯಲ್ಲಿ ಹಿತವಿರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಅದರ ಟ್ರಸ್ಟಿಯನ್ನು ತೆಗೆಸಲು ದಾವೆ ಹೂಡಬಹುದು. ಹೊರಹಾಕುವ ಹಳೆಯ ಅಧಿಕಾರ ಇಲ್ಲಿ ಹೊಸ ರೂಪದಲ್ಲಿ ಉಳಿದಿದೆ.

ಇಂದು ಮಠಗಳು ಶಾಲೆ, ಹಾಸ್ಟೆಲ್, ಆಸ್ಪತ್ರೆ ನಡೆಸುತ್ತಿವೆ. ಅಲ್ಲಿ ಅವಘಡವಾದಾಗ ಪರಿಹಾರಕ್ಕೆ ಹಣ ಬೇಕು, ಅದಕ್ಕೆ ವಿಮೆ ಒಳ್ಳೆಯ ದಾರಿ. ಆದರೆ ಪಾಲಿಸಿ ಇರಬೇಕಾದದ್ದು ಸಂಸ್ಥೆಯ ಹೆಸರಿನಲ್ಲಿ, ಪರಿಹಾರ ಸಲ್ಲಬೇಕಾದದ್ದು ನೊಂದವರಿಗೆ. ಪೀಠದಲ್ಲಿ ಕೂತವರು ಬೇಕೆಂದೇ ಎಸಗಿದ ಅಪರಾಧದ ದಂಡವನ್ನು ಅದರಿಂದ ತೆರುವಂತಾಗಬಾರದು, ಪ್ರೀಮಿಯಂ ಕಟ್ಟಿದ್ದೇವೆಂದು ಭಕ್ತರ ಪ್ರಶ್ನೆ ಕೇಳುವ ಹಕ್ಕನ್ನು ಮೊಟಕುಗೊಳಿಸಲೂಬಾರದು. ದತ್ತಿಯ ಲೆಕ್ಕವನ್ನು ಊರಿನ ಮುಂದಿಡುವ, ತಪ್ಪಿದವರನ್ನು ಇಳಿಸುವ ಕಟ್ಟಳೆ ಮಠದ ನಿಬಂಧನೆಯಲ್ಲಿ ಮೊದಲು ಸೇರಲಿ, ಪಾಲಿಸಿ ಆಮೇಲೆ.