ಪಾಷಾಣ್ ಕೆರೆಯ ಜೊಂಡು

ಎದುರಿಗೆ ಆಳೆತ್ತರ ನಿಂತಿರುವುದು ಜೊಂಡು, ನಮ್ಮ ಕಡೆಯ ಆಪು. ಕಂದು ತೆನೆ ಕಂಡು ಮರಾಠಿಗರು ಇದನ್ನು ‘ಪಾಣಕಣೀಸ್’, ಅಂದರೆ ನೀರಿನ ತೆನೆ, ಎನ್ನುತ್ತಾರೆ. ಪುಣೆಯ ರಾಮನದಿಗೆ ಒಡ್ಡು ಕಟ್ಟಿ ಮಾಡಿದ ಈ ಕೆರೆಗೆ ಈಗ ಮಳೆನೀರಿನ ಜೊತೆ ಊರಿನ ಕೊಳಚೆಯೂ ಇಳಿಯುತ್ತದೆ. ಜೊಂಡಿನ ಎಲೆ, ದಂಟುಗಳೊಳಗಿನ ಗಾಳಿಗೂಡುಗಳು ಕೆಸರಿನಲ್ಲಿ ಹೂತ ಬೇರಿನವರೆಗೆ ಉಸಿರು ಮುಟ್ಟಿಸುತ್ತವೆ; ಬೇರಿನ ಸುತ್ತಲ ಸೂಕ್ಷ್ಮಜೀವಿಗಳು ಆ ಉಸಿರಿನ ಬಲದಿಂದ ಕೊಳಕನ್ನು ಕರಗಿಸುತ್ತವೆ. ಸಾರಜನಕ, ರಂಜಕದ ಒಂದು ಪಾಲು ಗಿಡದ ಮೈ ಸೇರುತ್ತದೆ.

ಜೊಂಡು ಬೆಳೆಸುವುದು ಸುಲಭ. ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ ಅಂಚಿನಲ್ಲಿ ಗೆಡ್ಡೆಬೇರಿನ ತುಂಡು ಊರಿದರೆ ಸಾಕು. ತಡೆಯುವುದೇ ಕಷ್ಟ! ಬಿಟ್ಟರೆ ತೆರೆದ ನೀರನ್ನೆಲ್ಲ ಮುಚ್ಚುತ್ತದೆ, ಅಲ್ಲೇ ಕೊಳೆತರೆ ಹೀರಿದ್ದನ್ನು ಕೆರೆಗೇ ಮರಳಿಸುತ್ತದೆ. ಹಾಗಾಗಿ ಕೊಯ್ಯಬೇಕು, ಒಂದೇ ಸಲಕ್ಕಲ್ಲ, ಪಟ್ಟಿ ಪಟ್ಟಿಯಾಗಿ, ಮಳೆಗಾಲದ ಹಕ್ಕಿಗೂಡುಗಳು ಖಾಲಿಯಾದ ಮೇಲೆ.

ನೇರಳೆ ಜಂಬುಕೋಳಿ ಎಳೆ ದಂಟನ್ನು ಕಾಲಲ್ಲಿ ಹಿಡಿದು ತಿನ್ನುವುದನ್ನು ನೋಡಬೇಕೆಂದರೆ ಬೆಳಗ್ಗೆ ಬೇಗ ಬನ್ನಿ, ಸುಮ್ಮನೆ ನಿಲ್ಲಿ. ಬುಡದಲ್ಲಿ ನುಸುಳುವ ಬಿಳಿ ಎದೆಯದ್ದು ಹುಂಡುಕೋಳಿ.

ಅಂದಹಾಗೆ, ಇಲ್ಲಿಂದ ಹೊರಟ ನೀರು ಮುಳಾ, ಮುಳಾ-ಮುಠಾ ನದಿಗಳ ಮೂಲಕ ಭೀಮೆಯನ್ನು ಸೇರಿ ಕಲಬುರಗಿ ಸೀಮೆಯತ್ತ ಹರಿಯುತ್ತದೆ.