ಕುಂದಗೋಳದ ಒಂದು ಬಿಡಾರ

ಪರಸ್ಥಳಕ್ಕೆ ಹೋದ ಸಂಸಾರಿಗನು ಮೊದಲು ಹುಡುಕಬೇಕಾದುದು ಇರಲೊಂದು ಮನೆಯನ್ನು. ಸಂಬಳವು ಅಲ್ಪ, ಮಕ್ಕಳ ವಿದ್ಯಾಭ್ಯಾಸದ ಚಿಂತೆಯು ಬಹಳ. ಇಂಥ ಸ್ಥಿತಿಯಲ್ಲಿ ನೆಲೆಯು ದೊರೆಯುವುದೂ ದೊರೆಯದಿರುವುದೂ ಒಂದು ಮನೆತನದ ಗತಿಯನ್ನೇ ತಿರುಗಿಸುವುದುಂಟು. ಅರಸರ ಕೋಟೆಕೊತ್ತಲಗಳಿಗೆ ಇತಿಹಾಸದಲ್ಲಿ ದೊರೆಯುವ ಸ್ಥಳವು ಗುಮಾಸ್ತನ ಬಿಡಾರಕ್ಕೆ ದೊರೆಯುವುದಿಲ್ಲ. ಆದರೂ ಕುಂದಗೋಳದ ಕೀರ್ತಿಯ ಮೂಲವನ್ನು ಶೋಧಿಸುವವರು ಅಂಥದೊಂದು ಬಿಡಾರದ ಬಾಗಿಲಿಗೇ ಬಂದು ನಿಲ್ಲಬೇಕಾಗುವುದು.

ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ರಾಜಧಾನಿಯು ದೂರ; ಸುತ್ತಲಿನದು ಬ್ರಿಟಿಶರ ಧಾರವಾಡ ಜಿಲ್ಲೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಈ ವ್ಯವಸ್ಥೆಯೇ ನಡೆದುಬಂದಿತು. ಈ ಊರಿಗೆ ಕಾರಕೂನಿಕೆಯ ನಿಮಿತ್ತ ಬಂದವರು ಗಣೇಶ ಸೌಂಶಿಯವರು. ಅವರ ಸಂಸಾರಕ್ಕೆ ನೆಲೆಯನ್ನು ಒದಗಿಸಿ, ಮಗನ ಓದಿಗೂ ನೆರವಾದವರು ಇಲ್ಲಿಯ ವಾಡೆಯ ಒಡೆಯರಾದ ರಂಗನಗೌಡ ನಾಡಿಗೇರರೆಂದು ಆ ಮಗನ ಜೀವನಚರಿತ್ರೆಯಿಂದ ತಿಳಿದುಬರುತ್ತದೆ. 1886ರಲ್ಲಿ ಹುಟ್ಟಿದ ಆ ಬಾಲಕನೇ ರಾಮಚಂದ್ರ. ಮುಂದೆ ಸವಾಯಿ ಗಂಧರ್ವರೆಂದು ನಾಡೆಲ್ಲ ಕೊಂಡಾಡಿದ ರಾಮಭಾವು ಕುಂದಗೋಳಕರರು.

ಬಾಲಕನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ರೈಲಿನಲ್ಲಿ ಹೋಗಿಬರುತ್ತಿದ್ದನು. ಓದು ಮನಸ್ಸಿಗೆ ಹತ್ತಲಿಲ್ಲ, ಹಾಡು ಬಿಡಲಿಲ್ಲ. ಕಡೆಗೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮಖಾನರು ಎಂಟು ವರ್ಷ ಕಲಿಯಬೇಕೆಂಬ ನಿಯಮದ ಮೇಲೆ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಬ್ರಾಹ್ಮಣನ ಮಗನಿಗೆ ಮುಸಲ್ಮಾನ ಗುರುವಿನ ಆಶ್ರಯವೇ ಎರಡನೆಯ ಮನೆಯಾಯಿತು.

ನಾಟಕಮಂಡಳಿಗಳೊಡನೆ ಊರೂರು ತಿರುಗಿ, ಕುಂದಗೋಳಕ್ಕೆ ಮರಳಿ ನೆಲೆಸಿದ ರಾಮಭಾವುಗಳು ತಾವು ಪಡೆದುದನ್ನು ಇತರರಿಗೂ ಕೊಟ್ಟರು. ಗುರುವನ್ನರಸಿ 1933ರಲ್ಲಿ ಗದಗಿನ ಮನೆಯನ್ನೇ ತೊರೆದು ಉತ್ತರ ದೇಶವನ್ನೆಲ್ಲ ಅಲೆದಿದ್ದ ಭೀಮಸೇನ ಜೋಶಿಯವರು 1936ರಲ್ಲಿ ಅವರ ಶಿಷ್ಯರಾದರು. ಗುರುಗೃಹವಾಸಕ್ಕೆ ಬಾಡಿಗೆಯೆಂಬುದಿಲ್ಲ, ಆದರೆ ಋಣವುಂಟು. ಭೀಮಸೇನರು ಆ ಋಣವನ್ನು ಕೊಡಗಟ್ಟಲೆ ನೀರು ಹೊತ್ತು, ಮನೆಗೆಲಸ ಮಾಡಿ ತೀರಿಸಿದರು.

ಎಲ್ಲರಿಗೂ ಈ ಅನುಕೂಲತೆಯು ಸಮನಾಗಿರಲಿಲ್ಲ. ಗಂಗೂಬಾಯಿ ಹಾನಗಲ್ಲರು ಸಂಸಾರವಂದಿಗರು. ಗುರುವಿನ ಮನೆಯಲ್ಲಿ ಉಳಿಯುವ ಹಾದಿಯು ಅವರಿಗೆ ಇರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರಾತ್ರಿ ಮರಳಿ ಹೋಗುವ ದಿನಚರಿಯನ್ನು ಅವರು ವರ್ಷಗಟ್ಟಲೆ ನಡೆಸಿದರು. ಹಾಡುವ ಹೆಂಗಸೆಂದು ಬೀದಿಯಲ್ಲಿ ಹಂಗಿಸಿಕೊಂಡ ಬಾಲ್ಯ ಅವರದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲು ಹೋದಾಗಲೂ ಊಟದ ಸ್ಥಳದಲ್ಲಿ ಜಾತಿಯ ಕಾರಣದಿಂದ ಅವಮಾನವಾದೀತೆಂಬ ಅಂಜಿಕೆ ತಮ್ಮನ್ನು ಕಾಡಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಭೀಮಸೇನರು ದುಡಿಮೆಯಿಂದ ಕೊಟ್ಟ ಬೆಲೆಯನ್ನು ಗಂಗೂಬಾಯಿಯವರು ಪ್ರಯಾಣದಿಂದ ಕೊಟ್ಟರೆನ್ನಬಹುದು. ಮುಂದೆ 2002ರಲ್ಲಿ ಅವರಿಗೆ ಪದ್ಮವಿಭೂಷಣವೂ, 2008ರಲ್ಲಿ ಭೀಮಸೇನರಿಗೆ ಭಾರತರತ್ನವೂ ಘೋಷಿತವಾದುವು.

1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡರು. ಅವರ ಪುಣ್ಯಸ್ಮರಣೆಯ ಸಂಗೀತೋತ್ಸವಕ್ಕೆ ಆಶ್ರಯವಿತ್ತುದೂ ಆ ನಾಡಿಗೇರ ವಾಡೆಯೇ. ದೂರದೂರಿನ ಗಾಯಕರು ಅಲ್ಲಿಗೆ ಬಂದು ಹಾಡಿದರು.

ಅನಂತರದ ಕಾಲದಲ್ಲಿ ಮನೆಯ ಪ್ರಶ್ನೆಯು ಕಾಯಿದೆಯ ಪ್ರಶ್ನೆಯಾಯಿತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯೂ ಬಾಡಿಗೆದಾರನಿಗೆ ಒಂದಿಷ್ಟು ರಕ್ಷಣೆಯನ್ನು ಕೊಟ್ಟವು. ಇದು ಯುಕ್ತವೇ ಸರಿ; ಒಡೆಯನ ಔದಾರ್ಯವನ್ನೇ ನಂಬಿ ಸಂಸಾರ ಸಾಗದು. ಆದರೆ ಕಾಯಿದೆಯು ಒಳಗಿರುವವನನ್ನು ಕಾಯುವುದೇ ಹೊರತು, ಹೊರಗೆ ನಿಂತು ಮನೆ ಕೇಳುವವನಿಗೆ ಬಾಗಿಲು ತೆರೆಯಿಸಲಾರದು. ಆ ಕಾರಕೂನನಿಗೆ ಕುಂದಗೋಳದಲ್ಲಿ ನೆಲೆ ಸಿಕ್ಕದಿದ್ದರೆ ಊರಿಗೆ ಈ ಹೆಸರು ಬರುತ್ತಿದ್ದಿತೇ ಎಂಬುದು, ಮನೆ ಕೇಳಿ ಬಂದವರ ಕುಲಗೋತ್ರಗಳನ್ನು ಮೊದಲು ವಿಚಾರಿಸುವವರೆಲ್ಲರೂ ಯೋಚಿಸತಕ್ಕ ಮಾತು.