ಧ್ವನಿವರ್ಧಕದ ಕಾಗದ, ನಮ್ಮ ಕಿವಿ

ಶ್ರೋತೃಗಳೇ, ತಮ್ಮ ಮನೆಯ ಧ್ವನಿವರ್ಧಕಕ್ಕೂ ಒಂದು ಚರಿತ್ರೆಯುಂಟು. ಮೊದಮೊದಲು ತಗಡಿನ ಪೊರೆಗೆ ಕಹಳೆ ಜೋಡಿಸಿ ಆಲಿಸುತ್ತಿದ್ದರು. ತಗ್ಗಿನ ಸ್ವರಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ. 1925ರಲ್ಲಿ ಅಮೆರಿಕದ ಎಂಜಿನಿಯರುಗಳಾದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು, ಅಯಸ್ಕಾಂತದ ಸಂದಿನಲ್ಲಿ ಆಡುವ ತಂತಿಸುರುಳಿಗೆ ಆಲಿಕೆಯಾಕಾರದ ಕಾಗದವನ್ನು ಜೋಡಿಸಿದ ಧ್ವನಿವರ್ಧಕವನ್ನು ಲೋಕದ ಮುಂದಿಟ್ಟರು. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಅದರ ಸಂತತಿಯೇ.

ಧ್ವನಿ ಅತಿಯಾದರೆ ಸುರುಳಿ ಸುಡಬಹುದು, ಕಾಗದ ಹರಿಯಬಹುದು. ಸಣ್ಣ ಧ್ವನಿಯಲ್ಲೂ ಗರಗರ ಸದ್ದು ಬಂದರೆ, ಪ್ಲಗ್ಗು ತೆಗೆದು, ಮುಂಗಡೆಯಿಂದ ಕಾಗದವನ್ನು ಬೆರಳುಗಳಿಂದ ಮೆಲ್ಲನೆ ಒತ್ತಿ ನೋಡಿರಿ. ಕೆರೆದಂತೆ ಕೇಳಿಸಿದರೆ ಸುರುಳಿ ಉಜ್ಜುತ್ತಿದೆಯೆಂದು ತಿಳಿಯಿರಿ.

ಕಿವಿಗೂ ಮಿತಿಯುಂಟು. ದೊಡ್ಡವರಿಗೆ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 3 ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹರಿದ ಕಾಗದವನ್ನು ಬದಲಿಸಬಹುದು. ಒಳಕಿವಿಯ ರೋಮಕೋಶಗಳು ನಾಶವಾದರೆ ಮರಳಿ ಬೆಳೆಯವು.